ಚರ್ಮದ ಸೀಟು, ಬಟ್ಟೆಯ ಸೀಟು ಮತ್ತು ನಮ್ಮ ಮಡಿ-ಮೈಲಿಗೆ

ಅಡಿಕೆಗೆ ಬೆಲೆ ಬಂದಾಗಲೆಲ್ಲ ನಮ್ಮ ಸಾಸ್ವೆಹಳ್ಳಿ ಸೀಮೆಗೆ ಹೊಸ ಕಾರುಗಳು ಬರುತ್ತವೆ. ಹೊನ್ನಾಳಿ-ಚನ್ನಗಿರಿ ಭಾಗದಲ್ಲಿ ಭದ್ರಾ ನಾಲೆಯ ನೀರುಂಡ ಭತ್ತದ ಗದ್ದೆಗಳು ಎಷ್ಟೋ ಕಡೆ ಅಡಿಕೆ ತೋಟಗಳಾಗಿವೆ. ತೋಟದ ಆದಾಯ ಮೊದಲು ಆರ್‌ಸಿಸಿ ಮನೆಯಾಗುತ್ತದೆ, ಆಮೇಲೆ ಮನೆಯ ಮುಂದೆ ನಿಲ್ಲುವ ಕಾರಾಗುತ್ತದೆ. ಹೀಗೆ ಕಾರು ಕೊಳ್ಳಲು ಹೊರಟ ನನ್ನ ಬಂಧುಗಳ ಮನೆಯೊಂದರಲ್ಲಿ ಕಂಪನಿ, ಬಣ್ಣ, ಸಾಲದ ಕಂತು ಎಲ್ಲವೂ ತೀರ್ಮಾನವಾಗಿ ಒಂದು ವಿಷಯ ಮಾತ್ರ ಉಳಿದುಬಿಟ್ಟಿತು. ಸೀಟಿಗೆ ಚರ್ಮದ ಹೊದಿಕೆಯೋ, ಬಟ್ಟೆಯದೋ?

ಯಜಮಾನರಿಗೆ ಲೆದರ್ ಬೇಕು. "ನಾಲ್ಕು ಜನ ಕೂತು ಹೋಗೋ ಗಾಡಿ, ನೋಡಿದೋರು ಚೆನ್ನಾಗಿದೆ ಅನ್ನಬೇಕು" ಎಂಬುದು ಅವರ ವಾದ. ಅವರ ಹೆಂಡತಿಗೆ ಬೇಡ. ಏಪ್ರಿಲ್ ಬಿಸಿಲಲ್ಲಿ ನಿಲ್ಲಿಸಿದ ಕಾರಿನ ಚರ್ಮದ ಸೀಟಿನಲ್ಲಿ ಕೂರುವುದೂ ಕಾದ ತವೆಯ ಮೇಲೆ ಕೂರುವುದೂ ಒಂದೇ ಎಂದು ಅವರು. ಕಾಲೇಜು ಓದುವ ಮಗನ ಪ್ರಶ್ನೆ ಬೇರೆ: ಅದು ಯಾವ ಪ್ರಾಣಿಯ ಚರ್ಮ, ಜಾಯಿಝ್ ಹೌದೋ ಅಲ್ಲವೋ? ಜೊತೆಗೆ ಇನ್ನೊಂದು ಅಳುಕು. ಇವರ ಪಕ್ಕದ ತೋಟದವರು ಲಿಂಗಾಯತರು, ಎರಡು ತಲೆಮಾರಿನ ಸ್ನೇಹ. ಶಿವಮೊಗ್ಗಕ್ಕೋ ದಾವಣಗೆರೆಗೋ ಹೊರಟರೆ ಒಂದೇ ಗಾಡಿಯಲ್ಲಿ ಹೋಗುವವರು. ಅವರನ್ನು ದನದ ಚರ್ಮದ ಮೇಲೆ ಕೂರಿಸಿದಂತಾಗುವುದಿಲ್ಲವೇ?

ಸಣ್ಣ ವಿಷಯ ಅನ್ನಿಸಬಹುದು. ಆದರೆ ನಮ್ಮ ಧರ್ಮ, ಜಾತಿ, ದೊಡ್ಡಸ್ತಿಕೆ, ನೆರೆಹೊರೆ ಎಲ್ಲವೂ ಬಂದು ಕೂತಿರುವುದು ಆ ಎರಡಡಿ ಸೀಟಿನ ಮೇಲೆಯೇ. ಆದ್ದರಿಂದ ಸ್ವಲ್ಪ ನಿಧಾನವಾಗಿ ಯೋಚಿಸುವುದು ಒಳ್ಳೆಯದು.

ಮೊದಲಿಗೆ ಆ ವಸ್ತು ಏನೆಂದು ತಿಳಿಯಬೇಕು. ನಮ್ಮಂಥ ಮಧ್ಯಮ ವರ್ಗದವರು ಕೊಳ್ಳುವ ಕಾರುಗಳಲ್ಲಿ 'ಲೆದರ್' ಎಂದು ಕರೆಯುವುದು ಬಹುಮಟ್ಟಿಗೆ ಲೆದರೆಟ್. ಅಂದರೆ ನೇಯ್ದ ಬಟ್ಟೆಯ ಮೇಲೆ ಪಿವಿಸಿ ಅಥವಾ ಪಾಲಿಯುರೆಥೇನ್ ಬಳಿದು, ಚರ್ಮದ ಗೆರೆಗಳನ್ನು ಅಚ್ಚೊತ್ತಿದ ಪ್ಲಾಸ್ಟಿಕ್. ನಿಜವಾದ ಚರ್ಮ ಹಾಕುವ ದುಬಾರಿ ಕಾರುಗಳಲ್ಲೂ ಅನೇಕ ವೇಳೆ ಮೈ ತಾಗುವ ಭಾಗ ಮಾತ್ರ ಚರ್ಮ, ಬದಿ ಮತ್ತು ಬೆನ್ನು ರೆಕ್ಸಿನ್. ಇನ್ನು 'ಬಟ್ಟೆ' ಎಂದರೆ ನಾವು ಹತ್ತಿಯೆಂದುಕೊಳ್ಳುತ್ತೇವೆ. ಒಂದು ಕಾಲಕ್ಕೆ ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿಕೊಂಡ ದಾವಣಗೆರೆಯ ಜಿಲ್ಲೆಯವರಿಗೆ ಹಾಗೆ ಅನ್ನಿಸುವುದು ಸಹಜ. ಆದರೆ ಕಾರಿನ ಸೀಟಿನ ಬಟ್ಟೆ ಬಹುಪಾಲು ಪಾಲಿಯೆಸ್ಟರ್. ಅದೂ ಕಲ್ಲೆಣ್ಣೆಯಿಂದಲೇ ಬಂದದ್ದು. ಎರಡರ ಕೆಳಗೂ ಇರುವುದು ಫೋಮ್. ಊರೂರು ತಿರುಗಿ ಬಿಲ್ಲಿನಿಂದ ಹತ್ತಿ ಹಿಂಜಿ ಹಾಸಿಗೆ ತುಂಬಿಕೊಡುತ್ತಿದ್ದ ಪಿಂಜಾರರ ಕಸುಬನ್ನು ನುಂಗಿದ್ದೂ ಇದೇ ಫೋಮ್. ಅವರು ಕನ್ನಡವನ್ನೇ ಮನೆಮಾತಾಗಿ ಉಳ್ಳ ಮುಸಲ್ಮಾನರು. ಸರಕಾರದ ಪಟ್ಟಿಯಲ್ಲಿ ಪ್ರವರ್ಗ 1ರಲ್ಲಿದ್ದಾರೆ. ನಮ್ಮ ಪಟ್ಟಿಯಲ್ಲಿ ಅವರ ಸ್ಥಾನ ಎಲ್ಲಿದೆ ಎಂಬ ಮಾತಿಗೆ ಮುಂದೆ ಬರುತ್ತೇನೆ.

ಈಗ ಜಾಯಿಝ್-ನಾಜಾಯಿಝ್ ಪ್ರಶ್ನೆ. ಇದು ನಿಜಕ್ಕೂ ಸುಲಭದ್ದು. ಹದೀಸಿನಲ್ಲಿ ಒಂದು ಪ್ರಸಂಗ ಬರುತ್ತದೆ. ಉಮ್ಮುಲ್ ಮೂಮಿನೀನ್ ಮೈಮೂನಾ ಅವರ ಮನೆಯ ಸೇವಕಿಗೆ ದಾನವಾಗಿ ಬಂದಿದ್ದ ಕುರಿಯೊಂದು ತಾನಾಗಿ ಸತ್ತುಬಿದ್ದಿತ್ತು. ಪ್ರವಾದಿಯವರು ಅದನ್ನು ಕಂಡು, ಇದರ ಚರ್ಮವನ್ನು ಹದ ಮಾಡಿ ಬಳಸಬಾರದಿತ್ತೇ ಎಂದು ಕೇಳಿದರು. ಅದು ಸತ್ತ ಪ್ರಾಣಿಯಲ್ಲವೇ ಎಂದಾಗ, ನಿಷಿದ್ಧವಾದದ್ದು ಅದನ್ನು ತಿನ್ನುವುದು ಮಾತ್ರ ಎಂದರು. ಇದರ ಆಧಾರದ ಮೇಲೆ ಫಿಖ್ಹ್ ವಿದ್ವಾಂಸರು 'ದಬಾಗತ್' ಅಂದರೆ ಹದ ಮಾಡುವ ಕ್ರಿಯೆ ಚರ್ಮವನ್ನು ಶುದ್ಧಗೊಳಿಸುತ್ತದೆ ಎಂದು ತೀರ್ಮಾನಿಸಿದರು. ಬಯಲುಸೀಮೆಯ ನಾವು ಹೆಚ್ಚಾಗಿ ಪಾಲಿಸುವ ಹನಫಿ ಪಂಥ ಹಂದಿಯ ಚರ್ಮವನ್ನು ಹೊರಗಿಡುತ್ತದೆ; ಕರಾವಳಿಯ ಬ್ಯಾರಿಗಳು, ನವಾಯತರು ಪಾಲಿಸುವ ಶಾಫಿ ಪಂಥ ನಾಯಿಯದನ್ನೂ ಹೊರಗಿಡುತ್ತದೆ. ದನ, ಎಮ್ಮೆ, ಆಡು, ಕುರಿಗಳ ಬಗ್ಗೆ ತಕರಾರಿಲ್ಲ. ಮಶಕ್ಕಿನ ನೀರಿನಿಂದ ವುಝೂ ಮಾಡಿ ನಮಾಝಿಗೆ ನಿಂತ ಜನರ ಪರಂಪರೆ ನಮ್ಮದು.

ಆ ಪ್ರಸಂಗದ ನಿಜವಾದ ಕಾಳಜಿ ಪೋಲು ಮಾಡಬಾರದೆಂಬುದು. ಸತ್ತ ಪ್ರಾಣಿಯ ತೊಗಲೂ ಬಡವರ ಮನೆಗೆ ಉಪಯೋಗಕ್ಕೆ ಬರಲಿ ಎಂಬುದು. ಹೀಗಿರುವಾಗ ನಾಲ್ಕು ಜನ ನೋಡಲೆಂದು ಹಾಕಿಸುವ ಚರ್ಮದ ಸೀಟನ್ನು ಈ ಹದೀಸಿನ ನೆರಳಲ್ಲಿ ನಿಲ್ಲಿಸುವಾಗ ಸ್ವಲ್ಪ ನಾಚಿಕೆಯಾಗಬೇಕು. ಜಾಯಿಝ್ ಎಂದಾಕ್ಷಣ ವಿಚಾರ ಮುಗಿಯುವುದಿಲ್ಲ. ಅಲ್ಲಿಂದ ಶುರುವಾಗುತ್ತದೆ.

ಚರ್ಮ ಹದವಾದರೆ ಶುದ್ಧವಾಗುತ್ತದೆ ಎಂದು ಒಪ್ಪಿದೆವು. ಸರಿ, ಅದನ್ನು ಹದ ಮಾಡಿದವನು? ಈ ಪ್ರಶ್ನೆಯನ್ನು ನಮ್ಮ ನಾಡಿನಲ್ಲಿ ಯಾರೂ ಸುಲಭವಾಗಿ ಕೇಳುವುದಿಲ್ಲ. ಸುಣ್ಣದಲ್ಲಿ ನೆನೆಸಿ, ಕೂದಲು ಹೆರೆದು, ತಂಗಡಿ ತೊಗಟೆಯ ರಸದಲ್ಲಿ ದಿನಗಟ್ಟಲೆ ಊರಿಟ್ಟು ತೊಗಲನ್ನು ಹದಕ್ಕೆ ತರುತ್ತಿದ್ದವರು ಮಾದಿಗರು, ಡೋಹರರು, ಸಮಗಾರರು. ಆ ತೊಗಟೆಯಲ್ಲಿರುವ ಟ್ಯಾನಿನ್ ಎಂಬ ಒಗರು ಪದಾರ್ಥವೇ ನಾವು ಅಡಿಕೆ ಬೇಯಿಸಿದಾಗ ಬರುವ ಚೊಗರಿನಲ್ಲೂ ಇದೆ. ಚೊಗರು ಹತ್ತಿ ಕಪ್ಪಾದ ಅಡಿಕೆ ಬೆಳೆಗಾರನ ಕೈಯನ್ನು ನಾವು ಶ್ರಮದ ಕೈ ಎಂದು ಗೌರವಿಸುತ್ತೇವೆ. ಅದೇ ಒಗರಿನಲ್ಲಿ ಅದ್ದಿದ ಚರ್ಮಗಾರನ ಕೈಯನ್ನು ಊರಿನ ಹೊರಗಿಟ್ಟೆವು. ಅವನು ಮುಟ್ಟಿದ ತೊಗಲು ಮೃದಂಗವಾಗಿ ಸಭಾಮಂಟಪ ಸೇರಿತು, ಬಾವಿಯ ಕಪಿಲೆಯಾಗಿ ತೋಟಕ್ಕೆ ನೀರೆತ್ತಿತು. ಅವನು ಮಾತ್ರ ಒಳಗೆ ಬರಲಿಲ್ಲ.

ಹರಳಯ್ಯನವರ ಕತೆ ಕನ್ನಡದ ಮಕ್ಕಳಿಗೆಲ್ಲ ಗೊತ್ತು. ಬಸವಣ್ಣನವರು ತಮ್ಮ ಒಂದು ಶರಣಿಗೆ ಎರಡು ಶರಣು ಹೇಳಿದರೆಂದು ಆ ಋಣ ತೀರಿಸಲು ಗಂಡ ಹೆಂಡತಿ ತಮ್ಮ ತೊಡೆಯ ಚರ್ಮದಿಂದಲೇ ಪಾದರಕ್ಷೆ ಮಾಡಿದರು. ಬಸವಣ್ಣನವರು ಅದನ್ನು ಕಾಲಿಗೆ ಹಾಕಲಾರದೆ ತಲೆಯ ಮೇಲಿಟ್ಟುಕೊಂಡರು ಎನ್ನುತ್ತದೆ ಐತಿಹ್ಯ. ಇಷ್ಟನ್ನು ನಾಟಕಗಳಲ್ಲಿ ನೋಡಿ ಕಣ್ಣೀರು ಹಾಕುವ ನಾವು ಕತೆಯ ಮುಂದಿನ ಭಾಗವನ್ನು ಮರೆಯುತ್ತೇವೆ. ಹರಳಯ್ಯನವರ ಮಗನಿಗೂ ಬ್ರಾಹ್ಮಣ ಮೂಲದ ಮಧುವರಸರ ಮಗಳಿಗೂ ಮದುವೆಯಾದಾಗ ಇಬ್ಬರೂ ಬೀಗರನ್ನು ಆನೆಯ ಕಾಲಿಗೆ ಕಟ್ಟಿ ಎಳೆಸಲಾಯಿತು, ಕಲ್ಯಾಣ ಹೊತ್ತಿ ಉರಿಯಿತು. ಚಪ್ಪಲಿಯನ್ನು ತಲೆಯ ಮೇಲಿಟ್ಟುಕೊಳ್ಳುವುದನ್ನು ಸಮಾಜ ಸಹಿಸಿತು, ಚಪ್ಪಲಿ ಮಾಡಿದವರ ಜೊತೆ ಬೀಗತನವನ್ನು ಸಹಿಸಲಿಲ್ಲ.

ಎಂಟುನೂರು ವರ್ಷಗಳಾಚೆಗೆ ಹೋಗಬೇಕಿಲ್ಲ. 2016ರ ಜುಲೈಯಲ್ಲಿ ಗುಜರಾತಿನ ಊನಾದಲ್ಲಿ ಸತ್ತ ಹಸುವಿನ ಚರ್ಮ ಸುಲಿಯುತ್ತಿದ್ದ ದಲಿತ ಯುವಕರನ್ನು ಗಾಡಿಗೆ ಕಟ್ಟಿ ಹೊಡೆದದ್ದನ್ನು ದೇಶವೇ ನೋಡಿತು. ಸುರೇಂದ್ರನಗರದಲ್ಲಿ ದಲಿತರು ಸತ್ತ ದನಗಳನ್ನು ಜಿಲ್ಲಾಧಿಕಾರಿ ಕಚೇರಿಯ ಮುಂದೆ ತಂದು ಹಾಕಿದರು. ನಿಮ್ಮ ತಾಯಿಯ ಅಂತ್ಯಕ್ರಿಯೆ ನೀವೇ ಮಾಡಿಕೊಳ್ಳಿ ಎಂಬುದು ಅದರ ಅರ್ಥವಾಗಿತ್ತು. ನಮ್ಮ ರಾಜ್ಯದಲ್ಲೂ 1964ರ ಕಾನೂನಿನ ಜಾಗದಲ್ಲಿ 2021ರಲ್ಲಿ ಹೆಚ್ಚು ಕಠಿಣವಾದ ಗೋಹತ್ಯೆ ನಿಷೇಧ ಕಾನೂನು ಜಾರಿಗೆ ಬಂತು. ದನದ ವ್ಯಾಪಾರಿಯ ಗಾಡಿಯನ್ನು ರಾತ್ರಿ ಅಡ್ಡಗಟ್ಟುವವರ ಸೊಂಟದಲ್ಲೂ ಬೆಲ್ಟಿರುತ್ತದೆ, ಕಾಲಲ್ಲಿ ಬೂಟಿರುತ್ತದೆ. ಚರ್ಮ ಬೇಕು, ಅದು ಚರ್ಮವಾಗುವ ದಾರಿಯಲ್ಲಿ ನಿಂತ ಮನುಷ್ಯರು ಬೇಡ.

ಇಷ್ಟು ಹೇಳಿ ನಾನು ನನ್ನ ಸಮುದಾಯವನ್ನು ಬದಿಗೆ ಸರಿಸಿದರೆ ಅದು ಅಪ್ರಾಮಾಣಿಕತೆಯಾಗುತ್ತದೆ. ತಮಿಳುನಾಡಿನ ಆಂಬೂರು, ವಾಣಿಯಂಬಾಡಿ, ರಾಣಿಪೇಟೆಗಳ ಚರ್ಮದ ಉದ್ಯಮ ದೊಡ್ಡ ಮಟ್ಟದಲ್ಲಿ ಮುಸ್ಲಿಂ ಮನೆತನಗಳ ಕೈಯಲ್ಲಿ ಬೆಳೆದದ್ದು. ಅಲ್ಲಿ ಶಾಲೆ ಕಾಲೇಜುಗಳು ಎದ್ದಿವೆ, ಸಂತೋಷ. ಅದರ ಪಕ್ಕದಲ್ಲೇ ಪಾಲಾರ್ ನದಿಯ ಬಯಲು ಕೆಟ್ಟಿತು. 1996ರಲ್ಲಿ ವೆಲ್ಲೂರಿನ ನಾಗರಿಕರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು, ಕೆಡಿಸಿದವರೇ ನಷ್ಟ ಭರಿಸಬೇಕೆಂಬ ತತ್ವವನ್ನು ಎತ್ತಿಹಿಡಿದು ಆ ಭಾಗದ ಪ್ರತಿ ಟ್ಯಾನರಿಗೆ 10,000 ರೂಪಾಯಿ ದಂಡ ಹಾಕಿತು. 2015ರ ಜನವರಿ ಕೊನೆಯಲ್ಲಿ ರಾಣಿಪೇಟೆಯಲ್ಲಿ ಟ್ಯಾನರಿಗಳ ತ್ಯಾಜ್ಯದ ತೊಟ್ಟಿಯ ಗೋಡೆ ಕುಸಿದು, ರಾತ್ರಿ ಅಲ್ಲೇ ಮಲಗಿದ್ದ ಕಾರ್ಮಿಕರ ಮೇಲೆ ಕೆಸರು ನುಗ್ಗಿ ಹತ್ತು ಜನ ಸತ್ತರು. ದಬಾಗತ್ ಚರ್ಮವನ್ನು ಪಾಕ್ ಮಾಡಿತು ನಿಜ. ಈ ಲೆಕ್ಕವನ್ನು ಪಾಕ್ ಮಾಡುವುದು ಯಾವುದು?

ಊರಲ್ಲೂ ಇದೇ ಕತೆ. ಸಮಾನತೆಯೆಂದರೆ ಮಸೀದಿಯ ಸಾಲನ್ನು ತೋರಿಸುವ ನಾವು, ಹೆಣ್ಣು-ಗಂಡಿನ ಮಾತು ಬಂದಾಗ "ಅವರು ಕಸಾಯಿಗಳಂತೆ", "ಪಿಂಜಾರರಂತೆ" ಎಂದು ಧ್ವನಿ ಇಳಿಸುತ್ತೇವೆ. ಮಾಂಸ ಹಲಾಲ್, ಹಾಸಿಗೆ ಮೆತ್ತಗೆ. ಕೊಟ್ಟವರ ಮನೆಯ ಸಂಬಂಧ ಮಾತ್ರ ಬೇಡ. ಮಡಿ ಎಂಬ ಶಬ್ದ ನಮ್ಮ ನಿಘಂಟಿನಲ್ಲಿಲ್ಲ, ನಡವಳಿಕೆಯಲ್ಲಿದೆ.

ನಮ್ಮ ಶರೀಅತ್ತಿನಲ್ಲೇ ಇದಕ್ಕೆ ಮದ್ದಿದೆ. ಕುರ್ಬಾನಿಯ ಪ್ರಾಣಿಯ ಮಾಂಸವಾಗಲಿ ಚರ್ಮವಾಗಲಿ ಕಡಿದವನಿಗೆ ಕೂಲಿಯ ಲೆಕ್ಕದಲ್ಲಿ ಕೊಡಕೂಡದು. ಕೂಲಿಯನ್ನು ಯಜಮಾನ ತನ್ನ ಜೇಬಿನಿಂದಲೇ ಕೊಡಬೇಕೆಂದು ಹಝ್ರತ್ ಅಲಿಯವರ ಮೂಲಕ ಬಂದ ಹದೀಸು ಹೇಳುತ್ತದೆ. ಚರ್ಮವನ್ನು ಮನೆಗೆ ಇಟ್ಟುಕೊಳ್ಳಬಹುದು, ದಾನ ಮಾಡಬಹುದು. ಮಾರಿದರೆ ಆ ಹಣ ಬಡವರಿಗೆ ಸೇರಬೇಕು. ಇದನ್ನು ನಾವು ಮಸಲೆಯಾಗಿ ಕಲಿತಿದ್ದೇವೆ, ಒಳಗಿನ ನ್ಯಾಯವನ್ನು ಗಮನಿಸಿಲ್ಲ. ದುಡಿದವನ ಕೂಲಿ ಬೇರೆ, ದಾನ ಬೇರೆ. ಕೆಲಸ ಮಾಡಿದವನಿಗೆ ಉಳಿದದ್ದನ್ನು ಕೊಟ್ಟು ಪುಣ್ಯ ಕಟ್ಟಿಕೊಳ್ಳುವಂತಿಲ್ಲ, ಅವನದು ನಮ್ಮ ಮೇಲಿನ ಸಾಲ. ಒಂದು ಕಾಲಕ್ಕೆ ಮದರಸಗಳಿಗೆ ಆಸರೆಯಾಗಿದ್ದ ಕುರ್ಬಾನಿ ಚರ್ಮಗಳ ಬೆಲೆ ಇತ್ತೀಚಿನ ವರ್ಷಗಳಲ್ಲಿ ಕುಸಿದು, ಎಷ್ಟೋ ಕಡೆ ಅವನ್ನು ಮಣ್ಣಿಗೆ ಹಾಕುವ ಸ್ಥಿತಿ ಬಂದಿದೆ. ಒಂದೆಡೆ ನಿಜವಾದ ತೊಗಲು ಮಣ್ಣಾಗುತ್ತಿದೆ, ಇನ್ನೊಂದೆಡೆ ಪ್ಲಾಸ್ಟಿಕ್ಕಿಗೆ ತೊಗಲಿನ ವೇಷ ಹಾಕಿ ಹೆಚ್ಚು ದುಡ್ಡು ಕೊಟ್ಟು ಕೂರುತ್ತಿದ್ದೇವೆ.

ಪ್ರಾಣಿದಯೆಯ ವಾದವನ್ನೂ ಕೇಳಬೇಕು. 2021ರಲ್ಲಿ ವೋಲ್ವೋ ಕಂಪನಿ ತನ್ನ ವಿದ್ಯುತ್ ಕಾರುಗಳಲ್ಲಿ ಚರ್ಮ ಬಳಸುವುದಿಲ್ಲವೆಂದು ಸಾರಿತು. ಪ್ರಾಮಾಣಿಕವಾಗಿ ಹಾಗೆ ನಂಬಿದವರ ಬಗ್ಗೆ ನನಗೆ ಗೌರವವಿದೆ. ಗಾಂಧೀಜಿ ತಾನಾಗಿ ಸತ್ತ ದನದ ಚರ್ಮವನ್ನೇ ಬಳಸಬೇಕೆಂದರು. ಹಾಗೆಂದು ಚರ್ಮದ ಕೆಲಸವನ್ನು ಹೀಗಳೆಯಲಿಲ್ಲ. ದಕ್ಷಿಣ ಆಫ್ರಿಕಾದಲ್ಲಿ ತಾವೇ ಚಪ್ಪಲಿ ಹೊಲಿಯಲು ಕಲಿತು, ತಮ್ಮನ್ನು ಜೈಲಿಗೆ ಹಾಕಿಸಿದ ಜನರಲ್ ಸ್ಮಟ್ಸ್‌ಗೆ ಒಂದು ಜೊತೆಯನ್ನು ಕಳಿಸಿಕೊಟ್ಟರು. ಪ್ರಾಣಿಯ ಮೇಲಿನ ದಯೆಯೂ ದುಡಿಯುವ ಕೈಯ ಮೇಲಿನ ಗೌರವವೂ ಒಟ್ಟಿಗೆ ಇರಬಲ್ಲವು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ. ನನ್ನ ಅನುಮಾನ ಇರುವುದು, ಪ್ರಾಣಿಗೆ ಮರುಗಿ ಮನುಷ್ಯನನ್ನು ದೂರವಿಡುವ ದಯೆಯ ಬಗ್ಗೆ.

ಹಾಗಾದರೆ ನೆರೆಯ ಲಿಂಗಾಯತ ಗೆಳೆಯರ ವಿಷಯ? ಅವರ ನಂಬಿಕೆ ನಮ್ಮದಲ್ಲದಿರಬಹುದು. ಆದರೆ ನೆರೆಯವನ ಮನಸ್ಸು ನೋಯದಂತೆ ನಡೆಯುವುದು ನಮಗೆ ದೀನಿನದೇ ಭಾಗ. ಅದರ ಬಗ್ಗೆ ಊಹಿಸಿಕೊಂಡು ಮುಚ್ಚಿಡುವ ಬದಲು ಕೇಳಿಬಿಡುವುದು ಲೇಸು. ಅಂಜಿಕೆಯಿಂದ ಬಟ್ಟೆ ಆರಿಸುವುದಕ್ಕೂ ಪ್ರೀತಿಯಿಂದ ಆರಿಸುವುದಕ್ಕೂ ವ್ಯತ್ಯಾಸವಿದೆ. ಇತ್ತೀಚಿನ ವರ್ಷಗಳಲ್ಲಿ ನಾವು ಅನೇಕ ಆಯ್ಕೆಗಳನ್ನು ಅಂಜಿಕೆಯಿಂದ ಮಾಡುತ್ತ, ಅದಕ್ಕೆ ಸೌಹಾರ್ದ ಎಂಬ ಹೆಸರು ಕೊಡುತ್ತಿದ್ದೇವೆ. ಎರಡು ತಲೆಮಾರಿನ ಸ್ನೇಹ ಒಂದು ನೇರ ಮಾತನ್ನು ತಾಳಿಕೊಳ್ಳದಷ್ಟು ತೆಳ್ಳಗಿರಲಾರದು.

ನನ್ನನ್ನು ಕೇಳಿದರೆ ಬಟ್ಟೆಯ ಸೀಟೇ ಸಾಕು. ನಮ್ಮ ಬಿಸಿಲಿಗೆ ಅದು ಹಿತ, ಬೆವರು ಹೀರುತ್ತದೆ, ಹಣವೂ ಉಳಿಯುತ್ತದೆ. ತೋರಿಕೆಗೆ ಸುರಿಯುವ ಹಣಕ್ಕೆ 'ಇಸ್ರಾಫ್' ಎಂಬ ಹೆಸರು ನಮ್ಮಲ್ಲಿದೆ. ಚರ್ಮದ ಮೇಲೆ ಪ್ರೀತಿಯಿದ್ದರೆ ಉಳಿದ ಹಣದಲ್ಲಿ ನಮ್ಮ ಲಿಡ್‌ಕರ್ ಅಂಗಡಿಯಿಂದಲೋ ಬಸ್‌ಸ್ಟ್ಯಾಂಡಿನ ಪಕ್ಕ ಕೂತ ಚರ್ಮಗಾರನಿಂದಲೋ ಚೌಕಾಸಿ ಮಾಡದೆ ಒಂದು ಜೊತೆ ಚಪ್ಪಲಿ ಕೊಳ್ಳಬಹುದು.

ಆದರೆ ಬಟ್ಟೆ ಆರಿಸಿದವನು ಚರ್ಮ ಆರಿಸಿದವನಿಗಿಂತ ಒಳ್ಳೆಯವನಾಗಿಬಿಡುವುದಿಲ್ಲ. ಬಟ್ಟೆ ಕೊಳೆಯಾಗುತ್ತದೆಂದು ತೋಟದ ಆಳನ್ನು ಹತ್ತಿಸಿಕೊಳ್ಳದವರಿದ್ದಾರೆ. ಯಾರು ಕೂತರೂ ಒರೆಸಿದರೆ ಹೋಗುತ್ತದೆಂದೇ ರೆಕ್ಸಿನ್ ಹಾಕಿಸಿ ಊರವರನ್ನೆಲ್ಲ ಆಸ್ಪತ್ರೆಗೆ ಒಯ್ಯುವವರೂ ಇದ್ದಾರೆ. ಅಡಿಕೆ ಕೊಯ್ಯಲು ಮರ ಹತ್ತಿದವನು ಜಾರಿ ಬಿದ್ದಾಗ, ಕೇರಿಯ ಹೆಣ್ಣುಮಗಳಿಗೆ ನಡುರಾತ್ರಿ ಹೆರಿಗೆ ನೋವು ಬಂದಾಗ, ಆ ಮನೆಯವರು ಯಾರ ಬಾಗಿಲು ಬಡಿಯಲು ಹಿಂಜರಿಯುವುದಿಲ್ಲವೋ ಅವರ ಕಾರಿನ ಸೀಟು ಯಾವುದರದ್ದಾದರೂ ಪಾಕ್. ರಕ್ತದ ಕಲೆ ಬಟ್ಟೆಯಿಂದ ಪೂರ್ತಿ ಹೋಗದಿರಬಹುದು. ಹೋಗದಿದ್ದರೂ ಅಡ್ಡಿಯಿಲ್ಲ.