ಬಿಟ್ಟವರು ಯಾರು?

ಈಗಿನವರಿಗೆ ಧರ್ಮಶ್ರದ್ಧೆಯಿಲ್ಲವೆಂಬ ದೂರು ಹೊಸದಲ್ಲ. ನಮ್ಮ ಅಜ್ಜಿ ನಮ್ಮ ತಂದೆಯವರನ್ನು ಕುರಿತು ಅದನ್ನೇ ಹೇಳುತ್ತಿದ್ದರು. 2001ರ ಜನಗಣತಿಯಲ್ಲಿ ತಮ್ಮ ಧರ್ಮ ಯಾವುದೆಂದು ಹೇಳದವರು ಸುಮಾರು 7 ಲಕ್ಷ. 2011ರಲ್ಲಿ ಸುಮಾರು 28 ಲಕ್ಷ. 121 ಕೋಟಿ ಜನರ ನಡುವೆ ಇದೇನೂ ದೊಡ್ಡ ಸಂಖ್ಯೆಯಲ್ಲ. ಆದರೆ ಕಾಗದದ ಮೇಲೆ ಧರ್ಮವನ್ನು ಬರೆಯಿಸಿ, ಆಚರಣೆಯಲ್ಲಿ ಬಿಟ್ಟವರು ಯಾವ ಲೆಕ್ಕಕ್ಕೂ ಸಿಗುವುದಿಲ್ಲ. ನಾನು ಆ ಗುಂಪಿನವನು. ಸಂಧ್ಯಾವಂದನೆ ನಿಂತು ಮೂವತ್ತು ವರ್ಷವಾಯಿತು.

ಏಕೆ ಬಿಟ್ಟಿರಿ ಎಂದು ಕೇಳಿದವರಿಗೆ, ಕುವೆಂಪು ಅವರು 1974ರಲ್ಲಿ ವಿಚಾರಕ್ರಾಂತಿಗೆ ಕೊಟ್ಟ ಆಹ್ವಾನವನ್ನು ನೆನಪಿಸುತ್ತಿದ್ದೆ. ನಿಜ ಹೇಳಬೇಕೆಂದರೆ, ಕಚೇರಿಯ ಬಸ್ಸು ಬೆಳಿಗ್ಗೆ ಏಳೂವರೆಗೇ ಹೊರಡುತ್ತಿತ್ತು.

ಈಚೆಗೆ ತಗಡೂರಿಗೆ ಹೋಗಿದ್ದೆ. ರಾಮಚಂದ್ರರಾಯರ ಖಾದಿಯ ಕೆಲಸದಿಂದ ಹೆಸರಾದ ಊರು ಅದು. ನಮ್ಮ ಹೊಲ ಉಳುತ್ತಿದ್ದವರ ಮಗ ಈಗ ನಿವೃತ್ತ ಉಪಾಧ್ಯಾಯರು. ಮನೆಗೆ ಕರೆದು ಕಾಫಿ ಕೊಟ್ಟರು. ಗೋಡೆಯ ಮೇಲೆ ಬುದ್ಧ, ಪಕ್ಕದಲ್ಲಿ ಅಂಬೇಡ್ಕರ್.

"ನೀವೂ ದೇವಸ್ಥಾನಕ್ಕೆ ಹೋಗೋದು ಬಿಟ್ಟಿದ್ದೀರಂತೆ?" ಎಂದರು.

"ಬಿಟ್ಟೆ. ನಿಮ್ಮ ಹಾಗೆಯೇ."

"ನಾವೆಲ್ಲಿ ಬಿಟ್ವಿ ಸ್ವಾಮಿ? ಒಳಗಿದ್ದೋರು ತಾನೆ ಬಿಡೋದು?"

ನನಗೆ ಹಳೆಯದೊಂದು ಸಂಜೆ ನೆನಪಾಯಿತು. ಗುಡಿಯ ಆಚೆ ಅವರ ತಂದೆ ಬೊಗಸೆಯೊಡ್ಡಿ ನಿಂತಿದ್ದರು. ಉದ್ಧರಣೆಯಲ್ಲಿ ತೀರ್ಥ ತಂದ ಹುಡುಗ ನಾನು. "ಮೇಲಿಂದ ಹಾಕೋ, ತಾಕೀತು" ಎಂದು ಹಿರಿಯರು ಕೂಗಿದರು. ಹಾಕಿದೆ. ಅರ್ಧ ನೆಲಕ್ಕೆ ಬಿತ್ತು. ಪಕ್ಕದಲ್ಲಿ ನನ್ನದೇ ವಯಸ್ಸಿನ ಈ ಮಗ ನೋಡುತ್ತ ನಿಂತಿದ್ದ.

ಇದೇ ನಂಜನಗೂಡು ತಾಲ್ಲೂಕಿನ ಬದನವಾಳು 1927ರಲ್ಲಿ ಗಾಂಧೀಜಿ ಬಂದುಹೋದ ಊರು. ಅಲ್ಲಿಯೇ, ದೇವಾಲಯ ಪ್ರವೇಶದ ವಿವಾದದ ಬೆನ್ನಲ್ಲಿ, 1993ರ ಮಾರ್ಚಿಯಲ್ಲಿ ಮೂವರು ದಲಿತರ ಕೊಲೆಯಾಯಿತು. ನಾನು ಸುಮ್ಮನೆ ಎದ್ದುಬಂದ ಬಾಗಿಲನ್ನು ಹೊಗಲು ಇನ್ನೊಬ್ಬರು ಪ್ರಾಣವನ್ನೇ ತೆರಬೇಕಾಯಿತು.

ತಾನು ಹಿಂದುವಾಗಿ ಸಾಯುವುದಿಲ್ಲವೆಂದು ಅಂಬೇಡ್ಕರರು ಸಾರಿದ್ದು 1935ರಲ್ಲಿ. ನಾಗಪುರದಲ್ಲಿ ಬೌದ್ಧರಾದದ್ದು 1956ರಲ್ಲಿ. ಬಿಡುವ ಮುನ್ನ ಅವರು ಇಪ್ಪತ್ತೊಂದು ವರ್ಷ ಓದಿದರು, ತೂಗಿದರು. ನಾನು ಗಡಿಯಾರವನ್ನು ಮಾತ್ರ ನೋಡಿದ್ದೆ.

ಧರ್ಮವನ್ನು ಬಿಡುವುದು ತಪ್ಪೆಂದು ನಾನು ಹೇಳುತ್ತಿಲ್ಲ. ಒಪ್ಪಿಗೆಯಾಗದ್ದನ್ನು ಬಿಡುವುದು ಪ್ರಾಮಾಣಿಕತೆಯೇ ಸರಿ. ಆದರೆ ನಾವು ಬಿಟ್ಟದ್ದು ಏನನ್ನು? ಕಷ್ಟದ್ದನ್ನು ಬಿಟ್ಟೆವು: ತಣ್ಣೀರಿನ ಸ್ನಾನ, ಉಪವಾಸ, ಜಪ. ಲಾಭದ್ದನ್ನು ಹಾಗೆಯೇ ಇಟ್ಟುಕೊಂಡೆವು. ಹೋದ ವರ್ಷ ನಮ್ಮ ಮಹಡಿಯ ಮನೆಯನ್ನು ಬಾಡಿಗೆಗೆ ಕೇಳಿ ಬಂದ ದಂಪತಿಗಳನ್ನು, ದೇವರನ್ನು ನಂಬದ ನಾನು, "ನೀವು ಯಾವ ಜನ?" ಎಂದು ಕೇಳಿದ್ದೆ. ಅವರು ಉತ್ತರ ಹೇಳದೆ ಮೆಟ್ಟಿಲಿಳಿದು ಹೋದರು.

ಉಪಾಧ್ಯಾಯರ ಮನೆಯಲ್ಲಿ ಕಾಫಿ ಕುಡಿಯುತ್ತಿದ್ದಾಗ ಇದನ್ನು ಅವರಿಗೆ ಹೇಳಬೇಕೆನಿಸಿತು, ಧೈರ್ಯ ಬರಲಿಲ್ಲ. ಆದ್ದರಿಂದ ಇಲ್ಲಿ ಬರೆದಿದ್ದೇನೆ. ಗುಡಿಯನ್ನು ಬಿಟ್ಟೆನೆಂದುಕೊಂಡಿದ್ದೆ, ಅದರ ಬಾಗಿಲನ್ನು ಕಿತ್ತು ತಂದು ನನ್ನ ಮನೆಗೆ ಇಟ್ಟುಕೊಂಡಿದ್ದೆ. ಮಹಡಿಯ ಮನೆ ಈಗ ಮತ್ತೆ ಖಾಲಿಯಾಗಿದೆ. ನಾನು ನಿಜವಾಗಿ ಏನನ್ನು ಬಿಟ್ಟಿದ್ದೇನೆಂಬುದು ಮುಂದೆ ಯಾರಾದರೂ ಬಂದು ಕದ ತಟ್ಟಿದಾಗ ತಿಳಿಯಬೇಕು.