ಅರ್ಧ ಬಣ್ಣದ ಮುಖ

ಸೀವುಡ್ಸಿನ ನಮ್ಮ ಮನೆಯಿಂದ ಸ್ವಲ್ಪ ದೂರ ನಡೆದರೆ ಡಿಪಿಎಸ್ ಕೆರೆ. ಚಳಿಗಾಲ ಕಳೆಯುವ ಹೊತ್ತಿಗೆ ಅಲ್ಲಿ ಫ್ಲೆಮಿಂಗೋಗಳು ಬಂದಿಳಿಯುತ್ತವೆ. ಹಿಂದೆಯೇ ಮೊಳದುದ್ದದ ಲೆನ್ಸುಗಳೂ ಬರುತ್ತವೆ. ನಾನೂ ಆ ಗುಂಪಿನವನೇ. ಹಕ್ಕಿಯ ಒಪ್ಪಿಗೆಯನ್ನು ಯಾರೂ ಕೇಳುವುದಿಲ್ಲ. ಮನುಷ್ಯರ ಫೋಟೋಗಳನ್ನೂ ನಾನು ಹಾಗೆಯೇ ತೆಗೆಯುತ್ತಾ ಬಂದಿದ್ದೆ ಎನ್ನುವುದು ಗೊತ್ತಾದದ್ದು ತಡವಾಗಿ.

2018ರಲ್ಲಿ ಆಫೀಸಿನ ಕೆಲಸದ ಮೇಲೆ ಒಸಾಕಾಕ್ಕೆ ಹೋಗಿದ್ದೆ. ಒಂದು ಶನಿವಾರ ರೈಲು ಹಿಡಿದು ಕ್ಯೋಟೋದ ಗಿಯೋನ್ ನೋಡಲು ಹೊರಟೆ. ನಾವು ಗೈಷಾ ಎನ್ನುವವರನ್ನು ಅಲ್ಲಿ ಗೈಕೊ ಎನ್ನುತ್ತಾರೆ. ಇನ್ನೂ ಕಲಿಯುತ್ತಿರುವ ಹುಡುಗಿಯರು ಮೈಕೊ. ನೃತ್ಯ, ಹಾಡು, ಶಮಿಸೆನ್ ವಾದನ ಎಲ್ಲವನ್ನೂ ವರ್ಷಗಟ್ಟಲೆ ಕಲಿತವರು. ಮುಸ್ಸಂಜೆಗೆ ಚಹಾಮನೆಗಳ ಕಾರ್ಯಕ್ರಮಕ್ಕೆಂದು ಬಿರಬಿರನೆ ನಡೆದು ಹೋಗುತ್ತಾರೆ. ಹನಾಮಿಕೋಜಿ ಬೀದಿಯ ಮರದ ಮನೆಗಳ ನಡುವೆ ಒಬ್ಬಳು ಮೈಕೊ ಕಂಡದ್ದೇ ತಡ, ಹತ್ತಾರು ಕ್ಯಾಮೆರಾಗಳು ಅವಳ ಹಿಂದೆ ಓಡಿದವು, ನನ್ನದೂ ಸೇರಿ. ಅವಳು ಕಿಮೋನೋದ ತೋಳನ್ನು ಮುಖಕ್ಕೆ ಅಡ್ಡ ಹಿಡಿದು ಓಣಿಯೊಳಗೆ ತಿರುಗಿದಳು. ಆ ಚಿತ್ರವನ್ನು ದೊಡ್ಡದು ಮಾಡಿಸಿ ಹಾಲಿನಲ್ಲಿ ತೂಗುಹಾಕಿದೆ. ಮನೆಗೆ ಬಂದವರೆಲ್ಲ "ಎಷ್ಟು ನಾಚಿಕೆ ನೋಡಿ" ಎಂದು ಮೆಚ್ಚಿದರು. ಅವಳು ಬೇಡ ಎನ್ನುತ್ತಿದ್ದಾಳೆ ಎಂದು ಯಾರಿಗೂ ಹೊಳೆಯಲಿಲ್ಲ, ನನಗೂ. 2019ರಲ್ಲಿ ಗಿಯೋನಿನ ನಿವಾಸಿಗಳು ಖಾಸಗಿ ಓಣಿಗಳಲ್ಲಿ ಫೋಟೋ ತೆಗೆದರೆ 10,000 ಯೆನ್ ದಂಡವೆಂದು ಫಲಕ ಹಾಕಿದಾಗ, ಇದು ಅತಿಯಾಯಿತು ಎಂದುಕೊಂಡಿದ್ದೆ.

ಪತ್ತನಾಜೆಗೆ ಮೇಳಗಳ ತಿರುಗಾಟ ಮುಗಿಯುತ್ತದೆ. ಮಳೆಗಾಲದಲ್ಲಿ ಕರಾವಳಿಯ ಯಕ್ಷಗಾನ ಕಲಾವಿದರು ತಂಡ ಕಟ್ಟಿಕೊಂಡು ಮುಂಬಯಿಗೆ ಬರುತ್ತಾರೆ. ಅಂಥದೊಂದು ಮಳೆಗಾಲ, ನೆರೂಲಿನಲ್ಲಿ ಆಟ. ನಾನು ಕ್ಯಾಮೆರಾ ಹಿಡಿದು ಚೌಕಿಗೆ ನುಗ್ಗಿದೆ. ಸ್ತ್ರೀವೇಷದ ಕಲಾವಿದರೊಬ್ಬರು ಮುಖಕ್ಕೆ ಬಣ್ಣ ಹಚ್ಚಿ, ಒಂದು ಹುಬ್ಬು ತೀಡಿ ಇನ್ನೊಂದನ್ನು ಬಾಕಿ ಇಟ್ಟು, ಬನಿಯನ್ನಿನಲ್ಲೇ ಕೂತು ವಡಾಪಾವ್ ತಿನ್ನುತ್ತಿದ್ದರು. ಬೆಳಕು ಚೆನ್ನಾಗಿತ್ತು, ಕ್ಲಿಕ್ಕಿಸಿದೆ. "ದಮಯಂತಿ ಮುಂಬಯಿಗೆ ಬಂದಾಗ" ಎಂದು ಬರೆದು ಊರಿನ ವಾಟ್ಸಾಪ್ ಗುಂಪಿಗೆ ಹಾಕಿದೆ.

ಮೂರನೆಯ ದಿನ ಅವರ ಫೋನ್ ಬಂತು. ಸಿಟ್ಟಿರಲಿಲ್ಲ. "ಫೋಟೋ ಚಂದ ಉಂಟು ಮಾರಾಯ್ರೆ. ಆದ್ರೆ ಅದು ಮಗಳ ಕ್ಲಾಸಿನವರ ಮೊಬೈಲಿಗೂ ಬಂದಿದೆ, ಅವಳು ಶಾಲೆಗೆ ಹೋಗುದಿಲ್ಲ ಅಂತ ಕೂತಿದ್ದಾಳೆ. ರಂಗಸ್ಥಳದಲ್ಲಿ ಎಷ್ಟು ಬೇಕಾದ್ರೂ ತೆಗೀರಿ, ಅಲ್ಲಿ ಇರುದು ದಮಯಂತಿ. ಚೌಕಿಯಲ್ಲಿ ಅವಳೂ ಪೂರ್ತಿ ಬಂದಿರುದಿಲ್ಲ, ನಾನೂ ಪೂರ್ತಿ ಹೋಗಿರುದಿಲ್ಲ."

ನಾನು ಗುಂಪಿನಿಂದ ಅಳಿಸಿದೆ. ಅಷ್ಟರಲ್ಲಿ ಅದು ಯಾವ ಯಾವ ಗುಂಪು ದಾಟಿತ್ತೋ. ಗ್ರಾಹಕರ ಒಂದು ಫೋನ್ ನಂಬರ್ ಬಳಸುವುದಕ್ಕೂ ಒಪ್ಪಿಗೆ ಬೇಕೆಂದು ಆಫೀಸಿನಲ್ಲಿ ತಂಡಕ್ಕೆ ಪಾಠ ಹೇಳುವವನು ನಾನೇ!

ಹಾಗಾದರೆ ಕೇಳದೆ ತೆಗೆದ ಚಿತ್ರವೆಲ್ಲ ತಪ್ಪೇ? ಹಾಗೆನ್ನಲಾರೆ. ಅನ್ಯಾಯ ಮಾಡುವವನ ಒಪ್ಪಿಗೆ ಪಡೆದು ಅನ್ಯಾಯದ ಚಿತ್ರ ತೆಗೆಯಲು ಆಗುತ್ತದೆಯೇ? ಆದರೆ ಮೈಕೊ ಮುಚ್ಚಿಟ್ಟದ್ದು ಯಾವ ತಪ್ಪನ್ನೂ ಅಲ್ಲ. ಅವಳು ಕೆಲಸಕ್ಕೆ ಹೋಗುತ್ತಿದ್ದಳು, ಬೆಳಿಗ್ಗೆ ನಾನು ಸೀವುಡ್ಸ್ ಸ್ಟೇಷನ್ನಿನಲ್ಲಿ ಲೋಕಲ್ ಹಿಡಿಯುವ ಹಾಗೆ.

ಫೋಟೋಕ್ಕಿಂತ ಚಿತ್ರ ಬಿಡಿಸುವುದು ಮೇಲು ಎಂದು ಒಂದಷ್ಟು ದಿನ ಸಮಾಧಾನ ಮಾಡಿಕೊಂಡೆ. ನಮ್ಮ ಕೆ. ಕೆ. ಹೆಬ್ಬಾರರು ಉಡುಪಿ ಬಳಿಯ ಕಟ್ಟಿಂಗೇರಿಯಿಂದ ಮುಂಬಯಿಗೆ ಬಂದವರು. ನರ್ತಕಿಯರನ್ನು ಒಂದೇ ಗೆರೆಯಲ್ಲಿ ಹಿಡಿಯುತ್ತಿದ್ದ ಅವರು ಲಯ ತಿಳಿಯಲೆಂದು ತಾವೇ ಕಥಕ್ ಕಲಿತರು. ಎದುರಿನವರ ಶ್ರಮದಲ್ಲಿ ಒಂದು ಪಾಲನ್ನು ತಮ್ಮ ಮೈಮೇಲೆ ಹಾಕಿಕೊಂಡ ಮೇಲೆ ಬಂದ ಗೆರೆ ಅದು. ಆದರೆ ಜಪಾನಿನ ಉತಾಮಾರೊ ಕೂಡ ಕುಂಚ ಹಿಡಿದವನೇ. ಕನ್ನಡಿ ಮುಂದೆ ಬಣ್ಣ ಹಚ್ಚಿಕೊಳ್ಳುವ ಹೆಂಗಸರನ್ನು ಬಿಡಿಸಿದ. ಕರಾರಿಗೆ ಸಿಕ್ಕಿ ಯೋಶಿವಾರಾದಲ್ಲಿ ದಿನ ದೂಡುತ್ತಿದ್ದ ಹೆಂಗಸರನ್ನೂ ಬಿಡಿಸಿದ. ಚಿತ್ರಗಳು ಸೊಗಸಾಗಿವೆ. ಬೇಡ ಎನ್ನುವ ಸ್ವಾತಂತ್ರ್ಯ ಆ ಹೆಂಗಸರಿಗೆಷ್ಟಿತ್ತು? ಅಂದಮೇಲೆ ದೋಷ ಕ್ಯಾಮೆರಾದ್ದಲ್ಲ, ಪುಣ್ಯ ಪೆನ್ಸಿಲಿನದ್ದೂ ಅಲ್ಲ. ಎದುರಿನವರಿಗೆ ಬೇಡ ಎನ್ನಲು ಜಾಗ ಉಂಟೇ, ಅದು ಕಿವಿಗೆ ಬೀಳುವಷ್ಟು ಹೊತ್ತು ನಾವು ಅಲ್ಲಿ ನಿಲ್ಲುತ್ತೇವೆಯೇ? ನಾನು ಕೇಳಿಕೊಳ್ಳಬೇಕಾದದ್ದು ಇಷ್ಟು. ಪೆನ್ಸಿಲ್ ಹಿಡಿದವನು ಹೆಚ್ಚು ಹೊತ್ತು ಕೂರಬೇಕಾಗುತ್ತದೆ ಎನ್ನುವುದೊಂದೇ ಅದರ ಅನುಕೂಲ.

ಮರುವರ್ಷ ಅದೇ ತಂಡ ಬಂತು. ಮೊದಲೇ ಫೋನ್ ಮಾಡಿ ಕೇಳಿದೆ. "ಬನ್ನಿ, ಕ್ಯಾಮೆರಾ ಬೇಡ" ಎಂದರು. ಮಗಳ ಡ್ರಾಯಿಂಗ್ ಪುಸ್ತಕ ತೆಗೆದುಕೊಂಡು ಹೋಗಿ ಮೂಲೆಯಲ್ಲಿ ಒಂದು ಗಂಟೆ ಕೂತೆ. ನನ್ನ ಗೆರೆಗಳು ಸೊಟ್ಟ. ಅವರು ಬಗ್ಗಿ ನೋಡಿ ನಕ್ಕರು, ಪೆನ್ಸಿಲ್ ಕಸಿದುಕೊಂಡು ಹುಬ್ಬನ್ನು ತಾವೇ ತಿದ್ದಿದರು. ಹೊರಡುವಾಗ ಮಗಳ ವಿಚಾರ ಕೇಳಿದೆ. "ಶಾಲೆಗೆ ಹೋಗ್ತಾಳೆ. ನನ್ನ ಆಟಕ್ಕೆ ಬರುದಿಲ್ಲ ಈಗ" ಎಂದರು.

2024ರಲ್ಲಿ ಗಿಯೋನಿನವರು ಖಾಸಗಿ ಓಣಿಗಳಿಗೆ ಪ್ರವಾಸಿಗರು ಬರುವುದನ್ನೇ ನಿಷೇಧಿಸಿದರು. ಈ ಸಲ ಅತಿಯೆನಿಸಲಿಲ್ಲ. ಹಾಲಿನ ಚಿತ್ರವನ್ನು ಇಳಿಸಿ ಕಪಾಟಿನಲ್ಲಿಟ್ಟೆ. ಅದನ್ನು ಏನು ಮಾಡಲಿ ಎಂದು ಕೇಳೋಣವೆಂದರೆ ಆ ಹುಡುಗಿಯ ಹೆಸರೂ ನನಗೆ ಗೊತ್ತಿಲ್ಲ.