ಕಳಿಸಿದವರು ಯಾರು?

1978ರಲ್ಲಿ ಇಂದಿರಾ ಗಾಂಧಿ ಚಿಕ್ಕಮಗಳೂರಿನಿಂದ ಲೋಕಸಭೆಯ ಉಪಚುನಾವಣೆಗೆ ನಿಂತಾಗ ನಾನಿನ್ನೂ ಪ್ರೈಮರಿ ಶಾಲೆಯ ಹುಡುಗಿ. ನಮ್ಮ ಮನೆಯಲ್ಲಿ ಅಪ್ಪ ಇಂದಿರಮ್ಮನ ಕಡೆ. ಚಿಕ್ಕಪ್ಪ ಎದುರಾಳಿ ವೀರೇಂದ್ರ ಪಾಟೀಲರ ಕಡೆ. ರಾತ್ರಿ ಊಟಕ್ಕೆ ಕೂತು ಸಾರಿನ ಹೊತ್ತಿಗೆ ಶುರುವಾದ ವಾದ ಮಜ್ಜಿಗೆ ಬಂದರೂ ಮುಗಿಯುತ್ತಿರಲಿಲ್ಲ. "ಕೈ ಒಣಗಿತು, ಏಳಿ ಇನ್ನು" ಎಂದು ಅಮ್ಮ ಗದರಿದ ಮೇಲೆಯೇ ಇಬ್ಬರೂ ಏಳುತ್ತಿದ್ದುದು. ಆದರೆ ಮನೆಗೆ ಬರುತ್ತಿದ್ದುದು ಒಂದೇ ಪತ್ರಿಕೆ. ಒಳಹಾಳೆ ಅಪ್ಪನ ಕೈಲಿದ್ದರೆ ಹೊರಹಾಳೆ ಚಿಕ್ಕಪ್ಪನ ಕೈಲಿ. ಕೇಳುತ್ತಿದ್ದುದೂ ಒಂದೇ ರೇಡಿಯೋ. ಇಂದಿರಾ 70 ಸಾವಿರಕ್ಕೂ ಹೆಚ್ಚು ಮತಗಳಿಂದ ಗೆದ್ದರೆಂಬ ಸುದ್ದಿ ಬಂದಾಗ ಚಿಕ್ಕಪ್ಪನ ಮುಖ ಬಾಡಿತೇ ಹೊರತು, ಅದು ಸುಳ್ಳೆಂದು ಅವರು ಹೇಳಲಿಲ್ಲ.

ಆ ಕಾಲವೇ ಚೆನ್ನಾಗಿತ್ತು ಎನ್ನಲಾರೆ. ರೇಡಿಯೋ ಸರ್ಕಾರದ್ದು. ಅದಕ್ಕೂ ಮೊದಲು, 1975ರಲ್ಲಿ ಬಂದ ತುರ್ತುಪರಿಸ್ಥಿತಿಯಲ್ಲಿ ಪತ್ರಿಕೆಗಳಿಗೂ ಕತ್ತರಿ ಬಿದ್ದಿತ್ತು. ಅಂದು ಎಲ್ಲರೂ ಒಂದೇ ಸುಳ್ಳನ್ನು ನಂಬುವ ಅಪಾಯವಿತ್ತು. ಇಂದು ಒಬ್ಬೊಬ್ಬರಿಗೂ ಅವರವರ ನಾಲಿಗೆಗೆ ಹಿಡಿಸುವ ಸುಳ್ಳು ಸಿಗುತ್ತದೆ.

ಫೋನಿನಲ್ಲಿ ವೀಡಿಯೋ ನೋಡುವಾಗ ಗಮನಿಸಿದ್ದೀರಾ? ಯಾವುದನ್ನು ಹೆಚ್ಚು ಹೊತ್ತು ನೋಡುತ್ತೇವೋ ಅಂಥದ್ದನ್ನೇ ಅದು ಮತ್ತೆ ಮತ್ತೆ ಎದುರಿಗೆ ತಂದಿಡುತ್ತದೆ. ಮಗು ಉಪ್ಪಿನಕಾಯಿ ಇಷ್ಟಪಟ್ಟಿತೆಂದು ಮೂರು ಹೊತ್ತೂ ಅದನ್ನೇ ಬಡಿಸುವ ತಾಯಿ ಇದ್ದಾಳೆಯೇ? ಈ ಯಂತ್ರ ಬಡಿಸುತ್ತದೆ, ನಾವು ತಟ್ಟೆಯ ಮುಂದಿನಿಂದ ಏಳದಿದ್ದರೆ ಅದಕ್ಕೆ ಲಾಭ. ಆದರೆ ವಾಟ್ಸಾಪ್ ಗುಂಪಿಗೆ ಬರುವ ಸಂದೇಶದ ವಿಷಯದಲ್ಲಿ ಯಂತ್ರವನ್ನು ದೂರುವಂತಿಲ್ಲ. ಅಲ್ಲಿ ಬಡಿಸುವವರು ನಾವೇ.

ಬಡಿಸಿದವಳು ನಾನೂ ಹೌದು. 2023ರ ವಿಧಾನಸಭಾ ಚುನಾವಣೆಯ ದಿನಗಳು. ನಮ್ಮ ಜಿಲ್ಲೆಯಲ್ಲೇ ನಡೆದದ್ದೆಂಬ ಒಂದು ವೀಡಿಯೋವನ್ನು ನಾದಿನಿ ನನಗೆ ಕಳಿಸಿದಳು. ಒಂದು ಕೋಮಿನವರ ಮೇಲೆ ಸಿಟ್ಟು ಬರುವಂಥದ್ದು. ನಾನು ಅದನ್ನು ಶಾಲೆಯ ಶಿಕ್ಷಕರ ಗುಂಪಿಗೆ ದಾಟಿಸಿದೆ. ಅದು ಬೇರೆ ಯಾವುದೋ ದೇಶದ ಹಳೆಯ ವೀಡಿಯೋ ಎಂದು ಗುಂಪಿನ ಕಿರಿಯ ಶಿಕ್ಷಕರೊಬ್ಬರು ಸಂಜೆಗೆ ತೋರಿಸಿಕೊಟ್ಟರು. ಅಳಿಸಿದೆ. ಅಳಿಸಿದ್ದೇನೆ ಎಂಬುದನ್ನೂ ಫೋನು ಎಲ್ಲರಿಗೂ ತೋರಿಸಿತು.

ಆ ಗುಂಪಿನಲ್ಲಿ ಅದೇ ಕೋಮಿನ ನನ್ನ ಗೆಳತಿಯೂ ಇದ್ದಾಳೆ. ಇಪ್ಪತ್ತು ವರ್ಷ ಒಂದೇ ಬೆಂಚಿನಲ್ಲಿ ಕೂತು ಬುತ್ತಿ ಹಂಚಿಕೊಂಡವಳು. ಮರುದಿನ ಅವಳು ತನ್ನ ಡಬ್ಬಿ ತೆಗೆದುಕೊಂಡು ತರಗತಿಗೇ ಹೋಗಿ ಉಂಡಳು.

"ನಾನು ಮಾಡಿದ್ದಲ್ಲ, ಬಂದದ್ದನ್ನು ಕಳಿಸಿದೆ" ಎಂದು ನನಗೆ ನಾನೇ ಹೇಳಿಕೊಂಡೆ. ಪಕ್ಕದವನ ತಪ್ಪು ಉತ್ತರವನ್ನು ನಕಲು ಮಾಡಿದ ಹುಡುಗರೂ ಹೀಗೇ ಹೇಳುತ್ತಾರೆ. ಅವರಿಗೆ ನಾನು ಎಂದೂ ಅಂಕ ಕೊಟ್ಟಿಲ್ಲ.

2012ರ ಆಗಸ್ಟ್‌ನಲ್ಲಿ ಮೊಬೈಲುಗಳಲ್ಲಿ ಹರಡಿದ ವದಂತಿಗೆ ಹೆದರಿ ಈಶಾನ್ಯ ರಾಜ್ಯಗಳ ಸಾವಿರಾರು ಮಂದಿ ಬೆಂಗಳೂರು ಬಿಟ್ಟರು. ಅವರಿಗಾಗಿ ವಿಶೇಷ ರೈಲುಗಳನ್ನೇ ಓಡಿಸಬೇಕಾಯಿತು. ಗುಂಪಾಗಿ ಕಳಿಸುವ ಎಸ್ಸೆಮ್ಮೆಸ್‌ಗಳಿಗೆ ಸರ್ಕಾರ ಆಗ ಮೊದಲು ಹಾಕಿದ ಮಿತಿ 5. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಮಕ್ಕಳ ಕಳ್ಳರೆಂಬ ವಾಟ್ಸಾಪ್ ವದಂತಿ ನಂಬಿದ ಜನ, ಹೈದರಾಬಾದಿನಿಂದ ಬಂದಿದ್ದ ಯುವಕನೊಬ್ಬನನ್ನು ಹೊಡೆದು ಕೊಂದರು. ದೇಶದ ಬೇರೆ ಕಡೆಗಳಲ್ಲೂ ಇಂಥ ಸಾವುಗಳಾಗಿದ್ದವು. ಭಾರತದಲ್ಲಿ ಸಂದೇಶವನ್ನು ದಾಟಿಸಲು ವಾಟ್ಸಾಪ್ ಅದೇ ತಿಂಗಳು ಹಾಕಿದ ಮಿತಿಯೂ 5. ಆದರೆ ಐದೇ ಜನರಿಗೆ ಹೇಳಿದರೆ ಸುಳ್ಳು ಸುಳ್ಳಲ್ಲದೆ ಹೋದೀತೇ? ನಾನು ಕಳಿಸಿದ್ದು ಒಂದೇ ಗುಂಪಿಗೆ.

ಮೂರನೆಯ ದಿನ ಗೆಳತಿಯ ಮನೆಗೆ ಹೋದೆ. ಅವಳು ಚಹಾ ಕೊಟ್ಟಳು. ಆಮೇಲೆ ಹೇಳಿದಳು: "ಬೇರೆ ಯಾರಾದರೂ ಕಳಿಸಿದ್ದರೆ ಅಳಿಸಿ ಸುಮ್ಮನಾಗುತ್ತಿದ್ದೆ ಅಕ್ಕಾ. ನೀವು ಕಳಿಸಿದಿರಿ."

ನನ್ನ ಹತ್ತಿರ ಉತ್ತರವಿರಲಿಲ್ಲ. ಪಾಠದಲ್ಲಿ ಒಂದು ಇಸವಿ ಅನುಮಾನವಾದರೆ ಮೂರು ಪುಸ್ತಕ ತೆರೆದು ನೋಡುವವಳು ನಾನು. ಅಂದು ಏಕೆ ನೋಡಲಿಲ್ಲ? ಅದು ನಿಜವಾಗಿರಲಿ ಎಂಬ ಆಸೆ ನನ್ನೊಳಗೆ ಎಲ್ಲೋ ಇತ್ತು, ಅದಕ್ಕೇ. ಫೋನು ಆ ಆಸೆಯನ್ನು ಹುಟ್ಟಿಸಿತೋ, ಇದ್ದದ್ದಕ್ಕೆ ಎಣ್ಣೆ ಹೊಯ್ದಿತೋ ತಿಳಿಯದು. ದಾಟಿಸಿದ ಬೆರಳು ಮಾತ್ರ ನನ್ನದು.

ಅಪ್ಪ, ಚಿಕ್ಕಪ್ಪ ಆಡಿದ್ದನ್ನೆಲ್ಲ ಎದುರುಬದುರು ಕೂತೇ ಆಡಿದರು. ಮಾತು ಯಾರಿಗೆ ತಾಗಿತೆಂದು ಅಲ್ಲೇ ಕಾಣುತ್ತಿತ್ತು. ಈಗ ಏನನ್ನಾದರೂ ಕಳಿಸುವ ಮೊದಲು ನನ್ನನ್ನೇ ಕೇಳಿಕೊಳ್ಳುತ್ತೇನೆ: ಇದು ಯಾರ ಬಗ್ಗೆ ಇದೆಯೋ ಅವರ ಮುಂದೆ ಕೂತು ಓದಬಲ್ಲೆನೇ? ಇದರಿಂದ ಎಲ್ಲ ಸುಳ್ಳೂ ತಪ್ಪುವುದಿಲ್ಲ, ಕೈ ಮಾತ್ರ ಒಂದು ಗಳಿಗೆ ತಡೆಯುತ್ತದೆ.

ನಾದಿನಿ ಈಗಲೂ ಕಳಿಸುತ್ತಾಳೆ. ಮೊನ್ನೆ ಒಂದಕ್ಕೆ ಉತ್ತರ ಬರೆಯದೆ, ಫೋನ್ ಮಾಡಿಯೇ ಮಾತಾಡಿದೆ. ಒಂದು ಗಂಟೆ ವಾದವಾಯಿತು. ಅವಳು ಒಪ್ಪಲಿಲ್ಲ. ಕೊನೆಗೆ ಕೇಳಿದಳು: "ಅದಿರಲಿ ಅತ್ತಿಗೆ, ಗೌರಿ ಹಬ್ಬಕ್ಕೆ ಯಾವಾಗ ಬರ್ತೀರಿ?"